ನಾಥಪಂಥವೂ ಕನ್ನಡ ನಾಡೂ: ಕದಿರೆಯಿಂದ ಚುಂಚನಗಿರಿಯವರೆಗೆ

೧

ಶ್ರೀರಂಗಪಟ್ಟಣದ ನೆರೆಯ ಕಿರಂಗೂರಿನಿಂದ ಉತ್ತರಾಭಿಮುಖವಾಗಿ ಹೊರಡುವ ಮಾರ್ಗವು ಪಾಂಡವಪುರ ನಾಗಮಂಗಲಗಳನ್ನು ಹಾಯ್ದು ಬೆಳ್ಳೂರಿನ ಕಡೆಗೆ ಸಾಗುತ್ತದೆ. ಈ ಮಾರ್ಗದ ಇಕ್ಕೆಲದ ಸೀಮೆಯಲ್ಲಿ ಕನ್ನಡ ನಾಡಿನ ಮತೇತಿಹಾಸಕ್ಕೆ ಬೇಕಾದ ಸಾಮಗ್ರಿಯು ಹೇರಳವಾಗಿ ದೊರೆಯುತ್ತದೆ. ಕಿರಂಗೂರಿನ ಬನ್ನಿಮಂಟಪವು ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿಯ ಉತ್ಸವವನ್ನು ನೆನಪಿಗೆ ತರುತ್ತದೆ. ಪಾಂಡವಪುರದ ಉತ್ತರಕ್ಕೆ ಮೇಲುಕೋಟೆಯು ರಾಮಾನುಜಾಚಾರ್ಯರ ಸಂಪ್ರದಾಯಕ್ಕೆ ನೆಲೆಯಾಗಿದೆ. ನಾಗಮಂಗಲದ ಸೀಮೆಯ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯೂ, ಕೃಷ್ಣರಾಜಪೇಟೆಯ ಸೀಮೆಯ ಕಿಕ್ಕೇರಿ, ಗೋವಿಂದನಹಳ್ಳಿ, ಹೊಸಹೊಳಲುಗಳಲ್ಲಿ ಹೊಯ್ಸಳರ ಕಾಲದ ಶೈವ ವೈಷ್ಣವ ದೇವಾಲಯಗಳೂ ನಿಂತಿವೆ. ಜೈನ, ಶೈವ, ಶ್ರೀವೈಷ್ಣವಗಳೆಂಬ ಈ ಮೂರು ಮತಗಳನ್ನು ಕುರಿತು ವಿದ್ವಾಂಸರು ಬಹುಕಾಲದಿಂದಲೂ ಬರೆದಿದ್ದಾರೆ.

ಈ ಮಾರ್ಗದ ಉತ್ತರದ ತುದಿಯಲ್ಲಿರುವ ಆದಿಚುಂಚನಗಿರಿಯ ಮಾತು ಬೇರೆ. ಅಲ್ಲಿ ಕಾಲಭೈರವನೂ ಗಂಗಾಧರೇಶ್ವರನೂ ಪೂಜೆಗೊಳ್ಳುತ್ತಾರೆ. ಅಲ್ಲಿಯ ಪೀಠಾಧಿಪತಿಗಳ ಹೆಸರುಗಳು 'ನಾಥ' ಎಂಬ ಪದದಿಂದ ಮುಗಿಯುತ್ತವೆ. ಇದು ಮತ್ಸ್ಯೇಂದ್ರ ಗೋರಕ್ಷರನ್ನು ಮೂಲಪುರುಷರೆಂದು ಎಣಿಸುವ ಯೋಗಿಗಳ ಪಂಥದ ಗುರುತು. ಕನ್ನಡ ಸಾಹಿತ್ಯವನ್ನು ಓದಿದವರಿಗೆ ಈ ಪಂಥದ ಪರಿಚಯವಿರುವುದು ಹೆಚ್ಚಾಗಿ ಒಂದೇ ಪ್ರಸಂಗದಿಂದ. ಅಲ್ಲಮಪ್ರಭುವಿನ ಎದುರಿನಲ್ಲಿ ಗೋರಕ್ಷನು ಸೋತ ಕಥೆಯಿಂದ. ಒಂದು ಪಂಥದ ಚರಿತ್ರೆಯನ್ನು ಅದನ್ನು ಖಂಡಿಸಿದವರ ಗ್ರಂಥದಿಂದ ಮಾತ್ರ ತಿಳಿಯಹೊರಟರೆ ನಿರ್ಣಯವು ಏಕಪಕ್ಷೀಯವಾಗುವುದು ಸಹಜ. ಆದುದರಿಂದ ನಾಥಪಂಥದ ಮೂಲವೇನು, ಅದರ ಆಚರಣೆಗಳೆಂಥವು, ಕನ್ನಡ ನಾಡಿನಲ್ಲಿ ಅದಕ್ಕೆ ಒದಗಿದ ಗತಿ ಯಾವುದು ಎಂಬ ಮೂರು ಪ್ರಶ್ನೆಗಳು ವಿಚಾರಾರ್ಹವಾಗಿವೆ.

೨

ದೇಹವನ್ನು ತೊರೆದು ಮುಕ್ತಿಯನ್ನು ಪಡೆಯುವುದಕ್ಕೆ ಬದಲಾಗಿ ದೇಹವನ್ನೇ ಮುಕ್ತಿಗೆ ಸಾಧನವಾಗಿ ಮಾಡಿಕೊಳ್ಳಬೇಕೆಂಬ ವಿಚಾರವು ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. ಚೀನಾದೇಶದ ತಾವೋ ಮತದಲ್ಲಿ ಇದೇ ವಿಚಾರವು ಪ್ರಧಾನವಾಗಿ ಕಾಣುತ್ತದೆ. ಎರಡನ್ನೂ ಹೋಲಿಸಿ ನೋಡಿದರೆ ನಾಥಪಂಥದ ಲಕ್ಷಣಗಳು ಸ್ಪಷ್ಟವಾಗುತ್ತವೆ.

ತಾವೋ ಮತದ ಪ್ರಾಚೀನ ಪಂಥಗಳಲ್ಲಿ ಮುಖ್ಯವಾದುದು 'ದಿವ್ಯಗುರುಗಳ ಪಂಥ'ವೆಂದು ಕರೆಯಬಹುದಾದುದು. ಕ್ರಿ. ಶ. ೧೪೨ರಲ್ಲಿ ಸಿಚುವಾನ್ ಪ್ರಾಂತದ ಬೆಟ್ಟವೊಂದರಲ್ಲಿ ಲಾವೋತ್ಸುವು ದೈವರೂಪದಿಂದ ಪ್ರತ್ಯಕ್ಷನಾಗಿ ಝಾಂಗ್ ದಾವೋಲಿಂಗ್ ಎಂಬವನಿಗೆ ಉಪದೇಶವನ್ನು ಕೊಟ್ಟನೆಂದು ಆ ಪಂಥದ ನಂಬಿಕೆ. ಪ್ರತಿಯೊಂದು ಕುಟುಂಬವೂ ಐದು ಅಳತೆಯ ಅಕ್ಕಿಯನ್ನು ಕಾಣಿಕೆಯಾಗಿ ಒಪ್ಪಿಸುತ್ತಿದ್ದುದರಿಂದ ಹೊರಗಿನವರು ಇದನ್ನು 'ಐದಳತೆ ಅಕ್ಕಿಯ ಪಂಥ'ವೆಂದು ಕರೆದರು. ರೋಗವು ಪಾಪದ ಫಲವೆಂದು ಭಾವಿಸಿ, ರೋಗಿಯನ್ನು ಏಕಾಂತದ ಕೊಠಡಿಯಲ್ಲಿ ಕುಳ್ಳಿರಿಸಿ, ಅವನು ತನ್ನ ತಪ್ಪುಗಳನ್ನು ನೆನೆದು ಒಪ್ಪಿಕೊಳ್ಳುವಂತೆ ಮಾಡುತ್ತಿದ್ದರು. ಆ ಒಪ್ಪಿಗೆಯನ್ನು ಮೂರು ಪ್ರತಿಗಳಲ್ಲಿ ಬರೆದು ಒಂದನ್ನು ಆಕಾಶದೇವತೆಗೆಂದು ಬೆಟ್ಟದ ಮೇಲಿಡುತ್ತಿದ್ದರು. ಒಂದನ್ನು ಭೂದೇವತೆಗೆಂದು ಹೂಳುತ್ತಿದ್ದರು. ಮತ್ತೊಂದನ್ನು ಜಲದೇವತೆಗೆಂದು ನೀರಿನಲ್ಲಿ ಮುಳುಗಿಸುತ್ತಿದ್ದರು. ದಾರಿಗಳಲ್ಲಿ ಧರ್ಮಛತ್ರಗಳನ್ನು ಕಟ್ಟಿಸಿ ಪ್ರಯಾಣಿಕರಿಗೆ ಅನ್ನವನ್ನು ಕೊಡುತ್ತಿದ್ದರು. ದಾವೋಲಿಂಗನ ಮೊಮ್ಮಗನಾದ ಝಾಂಗ್ ಲೂ ಎಂಬವನು ಹಾನ್‌ಝಾಂಗ್ ಪ್ರದೇಶವನ್ನು ಈ ಕ್ರಮದಿಂದಲೇ ಆಳಿ, ೨೧೫ರಲ್ಲಿ ಸೇನಾಧಿಪತಿ ತ್ಸಾವೋ ತ್ಸಾವೋವಿಗೆ ಶರಣಾದನು. ಹೀಗೆ ಇದು ಗೃಹಸ್ಥರ ಪಂಥ. ಊರು, ಒಕ್ಕಲು, ಕಾಳು, ಕಾಯಿಲೆ ಇವೇ ಅದರ ವ್ಯವಹಾರದ ವಸ್ತುಗಳು.

ಇದರ ಜತೆಗೆ ಮತ್ತೊಂದು ಧಾರೆಯೂ ಅಲ್ಲಿ ಹರಿಯಿತು. ಗೆ ಹೋಂಗ್ ಎಂಬ ಪಂಡಿತನು ಕ್ರಿ. ಶ. ೩೧೭ರ ಸುಮಾರಿನಲ್ಲಿ ಬರೆದ 'ಬಾವೋಪುತ್ಸು' ಎಂಬ ಗ್ರಂಥದಲ್ಲಿ ಇಂಗಲೀಕ ಪಾದರಸಗಳಿಂದ ಅಮರತ್ವದ ಗುಳಿಗೆಯನ್ನು ಮಾಡುವ ವಿಧಾನಗಳು ಬರುತ್ತವೆ. ತಾಂಗ್ ವಂಶದ ಕೆಲವು ಮಂದಿ ಚಕ್ರವರ್ತಿಗಳು ಇಂತಹ ಗುಳಿಗೆಗಳನ್ನು ಸೇವಿಸಿ ಮರಣ ಹೊಂದಿದರು. ಕಾಲಕ್ರಮದಲ್ಲಿ ಸಾಧಕರ ಗಮನವು ಹೊರಗಿನ ಕುಲುಮೆಯಿಂದ ಒಳಗಿನ ಕುಲುಮೆಗೆ ತಿರುಗಿತು. ದೇಹವೇ ಮೂಸೆ, ಉಸಿರೇ ಬೆಂಕಿ, ವೀರ್ಯವೇ ರಸ ಎಂಬ ಆಂತರಿಕ ರಸವಾದವು ಬೆಳೆಯಿತು.

ಗೃಹಸ್ಥರ ಸಂಘಟನೆ ಒಂದು, ಸಾಧಕರ ದೇಹಸಿದ್ಧಿ ಮತ್ತೊಂದು. ಈ ಎರಡು ಮುಖಗಳೂ ನಾಥಪಂಥದಲ್ಲಿ ಕಾಣುವುವು. ಸಾಮ್ಯವು ಇಷ್ಟು ಗಾಢವಾಗಿರುವುದರಿಂದ ಒಂದರಿಂದ ಇನ್ನೊಂದು ಹುಟ್ಟಿತೆಂದು ಊಹಿಸಿದವರುಂಟು. ಶಾಕ್ತ ತಂತ್ರಗಳಲ್ಲಿ ಬರುವ 'ಚೀನಾಚಾರ'ವೆಂಬ ಹೆಸರೂ, ವಸಿಷ್ಠನು ಮಹಾಚೀನಕ್ಕೆ ಹೋಗಿ ಸಾಧನೆಯನ್ನು ಕಲಿತನೆಂಬ ಕಥೆಯೂ ಈ ಊಹೆಗೆ ಆಧಾರವಾಗಿವೆ. ಏಳನೆಯ ಶತಮಾನದಲ್ಲಿ ಕಾಮರೂಪದ ಅರಸನ ಅಪೇಕ್ಷೆಯಂತೆ ಲಾವೋತ್ಸುವಿನ ಗ್ರಂಥವನ್ನು ಸಂಸ್ಕೃತಕ್ಕೆ ಪರಿವರ್ತಿಸುವ ಕೆಲಸವನ್ನು ಹ್ಯುಯೆನ್‌ತ್ಸಾಂಗನಿಗೆ ಒಪ್ಪಿಸಲಾಯಿತೆಂದು ಚೀನೀ ಗ್ರಂಥಗಳು ತಿಳಿಸುತ್ತವೆ. ಮತ್ಸ್ಯೇಂದ್ರನ ಹೆಸರೂ ಕಾಮರೂಪದೊಡನೆಯೇ ಸೇರಿಕೊಂಡಿರುವುದು ಗಮನಾರ್ಹ. ಆದರೆ ಸಾಮ್ಯವೆಂಬುದು ಸಂಬಂಧಕ್ಕೆ ಸೂಚನೆಯಾಗಬಹುದಲ್ಲದೆ ಪ್ರಮಾಣವಾಗಲಾರದು. ಒಂದೇ ಬಗೆಯ ಆಸೆಯು ಎರಡು ದೇಶಗಳಲ್ಲಿ ಒಂದೇ ಬಗೆಯ ಉಪಾಯವನ್ನು ಹುಡುಕಿಸಿರಬಹುದು.

೩

ನಾಥರು ತಮ್ಮ ಗುರುಪರಂಪರೆಯನ್ನು ಆದಿನಾಥನಾದ ಶಿವನಿಂದ ಆರಂಭಿಸುತ್ತಾರೆ. ಶಿವನು ಪಾರ್ವತಿಗೆ ಯೋಗವನ್ನು ಬೋಧಿಸುತ್ತಿದ್ದಾಗ ನೀರಿನಲ್ಲಿ ಮೀನಿನ ರೂಪದಿಂದಿದ್ದು ಕೇಳಿಸಿಕೊಂಡವನು ಮತ್ಸ್ಯೇಂದ್ರ. ಅವನ ಶಿಷ್ಯನು ಗೋರಕ್ಷ. ಕಥೆಯ ಭಾಗವನ್ನು ಬಿಟ್ಟು ನೋಡಿದರೆ, ಮತ್ಸ್ಯೇಂದ್ರನು ಕೌಲ ಸಂಪ್ರದಾಯಕ್ಕೆ ಸೇರಿದ ಆಚಾರ್ಯನೆಂಬುದು ನಿಶ್ಚಿತವಾಗಿ ತಿಳಿಯುತ್ತದೆ. ಕ್ರಿ. ಶ. ೧೦೦೦ದ ಸುಮಾರಿನಲ್ಲಿದ್ದ ಕಾಶ್ಮೀರದ ಅಭಿನವಗುಪ್ತನು ತನ್ನ ತಂತ್ರಾಲೋಕದ ಆದಿಯಲ್ಲಿ ಮಚ್ಛಂದನನ್ನು ಸ್ತುತಿಸಿದ್ದಾನೆ. ಮತ್ಸ್ಯೇಂದ್ರನ ಹೆಸರಿನಲ್ಲಿರುವ ಕೌಲಜ್ಞಾನನಿರ್ಣಯವನ್ನು ೧೯೩೪ರಲ್ಲಿ ಪ್ರಬೋಧಚಂದ್ರ ಬಾಗ್ಚಿಯವರು ಪ್ರಕಟಿಸಿದರು. ಅದರಲ್ಲಿ ಯೋಗಿನಿಯರ ಆರಾಧನೆಗೆ ಪ್ರಾಧಾನ್ಯವಿದೆ.

ಗೋರಕ್ಷನ ಕಾಲವನ್ನು ನಿರ್ಣಯಿಸುವುದಕ್ಕೆ ದಖ್ಖನ್ನಿನ ಸಾಕ್ಷ್ಯವು ಮುಖ್ಯವಾದುದು. ಜ್ಞಾನದೇವನು ೧೨೯೦ರಲ್ಲಿ ಮುಗಿಸಿದ ಜ್ಞಾನೇಶ್ವರಿಯಲ್ಲಿ ತನ್ನ ಪರಂಪರೆಯನ್ನು ಆದಿನಾಥ, ಮತ್ಸ್ಯೇಂದ್ರ, ಗೋರಕ್ಷ, ಗಹಿನೀನಾಥ, ನಿವೃತ್ತಿನಾಥ ಎಂಬ ಕ್ರಮದಲ್ಲಿ ಹೇಳಿಕೊಂಡಿದ್ದಾನೆ. ನಿವೃತ್ತಿನಾಥನು ಜ್ಞಾನದೇವನ ಅಣ್ಣನಾದುದರಿಂದ ಗೋರಕ್ಷನಿಗೂ ಅವರಿಗೂ ನಡುವೆ ಗಹಿನೀನಾಥನೊಬ್ಬನೇ ಉಳಿಯುತ್ತಾನೆ. ಈ ಲೆಕ್ಕವನ್ನು ಒಪ್ಪಿದರೆ ಗೋರಕ್ಷನು ಹನ್ನೆರಡನೆಯ ಶತಮಾನದ ಕೊನೆಗೋ ಹದಿಮೂರನೆಯ ಶತಮಾನದ ಆದಿಗೋ ಬರುತ್ತಾನೆ. ಮತ್ಸ್ಯೇಂದ್ರನು ಅಭಿನವಗುಪ್ತನಿಗಿಂತ ಹಿಂದಿನವನು. ಆದುದರಿಂದ ಇವರಿಬ್ಬರೂ ನೇರವಾಗಿ ಗುರುಶಿಷ್ಯರಾಗಿರಲಾರರು. ಪಂಥವು ತನ್ನ ಎರಡು ಮೂಲಗಳನ್ನು ಗುರುಶಿಷ್ಯ ಸಂಬಂಧದಿಂದ ಒಂದುಗೂಡಿಸಿದೆಯೆಂದು ತಿಳಿಯುವುದೇ ಯುಕ್ತ. ಆ ಎರಡರಲ್ಲಿ ಒಂದು ಕೌಲರ ಆರಾಧನೆ. ಇನ್ನೊಂದು ಬ್ರಹ್ಮಚರ್ಯವನ್ನು ಬಿಗಿಯಾಗಿ ಹಿಡಿದ ದೇಹಸಾಧನೆ. ಸ್ತ್ರೀರಾಜ್ಯದಲ್ಲಿ ಮೈಮರೆತಿದ್ದ ಗುರುವನ್ನು ಶಿಷ್ಯನು ಹೋಗಿ ಎಚ್ಚರಿಸಿ ಕರೆತಂದನೆಂಬ ಪ್ರಸಿದ್ಧ ಕಥೆಯು ಈ ಬದಲಾವಣೆಯನ್ನೇ ಸೂಚಿಸುವಂತಿದೆ.

ದೇಹಸಾಧನೆಯ ಭಾಗವೂ ನಾಥರಿಂದಲೇ ಆರಂಭವಾದುದಲ್ಲ. ವಿರೂಪಾಕ್ಷನೆಂಬ ಸಿದ್ಧನ ಹೆಸರಿಗೆ ಸೇರಿದ ಅಮೃತಸಿದ್ಧಿಯೆಂಬ ಗ್ರಂಥವು ಹಠಯೋಗದ ಮುಖ್ಯ ತತ್ತ್ವಗಳನ್ನು ಮೊದಲು ವಿವರಿಸುವಂಥದು. ಇದು ಹನ್ನೊಂದನೆಯ ಶತಮಾನದಲ್ಲಿ ಬೌದ್ಧರ ವಜ್ರಯಾನದ ವಲಯದಲ್ಲಿ ಹುಟ್ಟಿತೆಂದು ಈಚಿನ ಸಂಶೋಧನೆಯು ತೋರಿಸಿದೆ. ಹೀಗೆ ಕೌಲ, ಬೌದ್ಧ, ಶೈವಗಳೆಂಬ ಮೂರು ಧಾರೆಗಳು ದಖ್ಖನ್ನಿನಲ್ಲಿ ಕೂಡಿದ ಸ್ಥಾನದಲ್ಲಿ ನಾಥಪಂಥವು ರೂಪುಗೊಂಡಿತೆಂದು ಸ್ಥೂಲವಾಗಿ ಹೇಳಬಹುದು.

೪

ನಾಥರ ಸಾಧನೆಯ ಸಾರವು ಹೀಗಿದೆ. ತಲೆಯಲ್ಲಿ ಚಂದ್ರನಿದ್ದಾನೆ, ನಾಭಿಯಲ್ಲಿ ಸೂರ್ಯನಿದ್ದಾನೆ. ಚಂದ್ರನಿಂದ ಸ್ರವಿಸುವ ಅಮೃತವನ್ನು ಸೂರ್ಯನು ಹೀರುವುದರಿಂದಲೇ ಮುಪ್ಪು ಮರಣಗಳು ಬರುತ್ತವೆ. ಆ ಸ್ರಾವವನ್ನು ತಡೆದವನಿಗೆ ದೇಹವು ದೃಢವಾಗುತ್ತದೆ. ತಡೆಯುವುದಕ್ಕೆ ಮೂಲಬಂಧ, ಉಡ್ಡಿಯಾನಬಂಧ, ಜಾಲಂಧರಬಂಧಗಳೂ, ತಲೆಕೆಳಗಾಗಿ ನಿಲ್ಲುವ ವಿಪರೀತಕರಣಿಯೂ, ನಾಲಗೆಯನ್ನು ಹಿಂದಕ್ಕೆ ಮಡಿಸಿ ತಾಲುರಂಧ್ರಕ್ಕೆ ಸೇರಿಸುವ ಖೇಚರಿಯೂ ಉಪಾಯಗಳು. ಇಡೆ ಪಿಂಗಳೆಗಳಲ್ಲಿ ಹರಿಯುವ ಪ್ರಾಣವನ್ನು ಸುಷುಮ್ನೆಗೆ ತಿರುಗಿಸಿದರೆ ಕುಂಡಲಿನಿಯು ಎಚ್ಚರಗೊಂಡು ಮೇಲಕ್ಕೆ ಏರುತ್ತದೆ. ಬಿಂದು, ಪ್ರಾಣ, ಮನಸ್ಸು ಇವು ಮೂರೂ ಒಂದಕ್ಕೊಂದು ಕಟ್ಟುಬಿದ್ದಿರುವುದರಿಂದ ಒಂದನ್ನು ನಿಲ್ಲಿಸಿದರೆ ಉಳಿದೆರಡೂ ನಿಲ್ಲುತ್ತವೆ.

ಇದರ ಜತೆಗೆ ಪಾದರಸದ ವಿದ್ಯೆಯೂ ನಡೆದುಬಂದಿತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ತೀರವನ್ನು ಕಂಡ ಮಾರ್ಕೋ ಪೋಲೋ ಎಂಬ ವೆನಿಸಿನ ವರ್ತಕನು, ಇಲ್ಲಿಯ ಜೋಗಿಗಳು ಪಾದರಸ ಗಂಧಕಗಳನ್ನು ಸೇರಿಸಿದ ಪಾನೀಯವನ್ನು ಕುಡಿದು ಬಹುಕಾಲ ಬದುಕುತ್ತಾರೆಂದು ಬರೆದಿದ್ದಾನೆ. ಅವನು ಹೇಳಿದ ಆಯುಸ್ಸಿನ ಪ್ರಮಾಣವನ್ನು ನಂಬದಿದ್ದರೂ, ಆ ವಿದ್ಯೆಗೆ ಜನರಲ್ಲಿದ್ದ ಖ್ಯಾತಿಯನ್ನು ನಂಬಲು ಅಡ್ಡಿಯಿಲ್ಲ.

ಪಂಥದ ಬಾಹ್ಯ ಲಕ್ಷಣಗಳಲ್ಲಿ ಎದ್ದುಕಾಣುವುದು ಕಿವಿಯ ಕುಂಡಲ. ದೀಕ್ಷೆಯ ಕೊನೆಯ ಹಂತದಲ್ಲಿ ಗುರುವು ಶಿಷ್ಯನ ಕಿವಿಯ ಹಾಲೆಯನ್ನಲ್ಲದೆ ನಡುವಣ ಮೃದ್ವಸ್ಥಿಯನ್ನೇ ಸೀಳಿ ದೊಡ್ಡ ಕುಂಡಲವನ್ನು ತೊಡಿಸುತ್ತಾನೆ. ಇದರಿಂದಲೇ ಇವರಿಗೆ ಉತ್ತರ ದೇಶದಲ್ಲಿ 'ಕಾನ್‌ಫಟಾ' ಎಂದರೆ ಸೀಳುಗಿವಿಯವರು ಎಂಬ ಹೆಸರು ಬಂದಿತು. ಕೊರಳಲ್ಲಿ ಉಣ್ಣೆಯ ದಾರಕ್ಕೆ ಕಟ್ಟಿದ ಸಣ್ಣ ಕೊಂಬಿನ ಊದುಗೊಳವೆ, ಮೈಗೆ ಬೂದಿ, ಕೈಯಲ್ಲಿ ಭಿಕ್ಷಾಪಾತ್ರೆ, ಮುಂದೆ ಆರದ ಧುನಿ. ಪರಸ್ಪರ ಕಂಡಾಗ 'ಆದೇಶ' ಎಂಬ ವಂದನೆ. ಭಿಕ್ಷೆಗೆ ನಿಂತಾಗ 'ಅಲಖ್ ನಿರಂಜನ' ಎಂಬ ಕೂಗು. ಮೃತನಾದ ಯೋಗಿಯನ್ನು ಸುಡದೆ, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಸಾಧನೆಯಿಂದ ಪಕ್ವವಾದ ದೇಹಕ್ಕೆ ಬೆಂಕಿಯ ಸಂಸ್ಕಾರವು ಬೇಕಿಲ್ಲವೆಂಬುದು ಇದರ ಅಭಿಪ್ರಾಯ. ಪಂಥವು ಹನ್ನೆರಡು ಶಾಖೆಗಳಾಗಿ ವಿಂಗಡವಾಗಿದೆಯೆಂದು ಎಣಿಕೆ. 'ಬಾರಹ ಪಂಥ'ವೆಂಬ ಹೆಸರು ಇದರಿಂದ ಬಂದುದು.

೫

ಕನ್ನಡ ನಾಡಿನಲ್ಲಿ ಈ ಪಂಥದ ಪ್ರಾಚೀನ ನೆಲೆಯು ಮಂಗಳೂರಿನ ಕದಿರೆ. ಅಲ್ಲಿಯ ಮಂಜುನಾಥ ದೇವಾಲಯದಲ್ಲಿರುವ, ಮೂರು ಮುಖ ಆರು ಕೈಗಳುಳ್ಳ ಕಂಚಿನ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಒಂದು ಸಂಸ್ಕೃತ ಶಾಸನವಿದೆ. ಆಳುಪ ಅರಸನಾದ ಕುಂದವರ್ಮನು ಕ್ರಿ. ಶ. ೯೬೮ರಲ್ಲಿ ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಅದರ ತಾತ್ಪರ್ಯ. ವಿಹಾರವೆಂಬ ಪದವನ್ನೂ ಲೋಕೇಶ್ವರನೆಂಬ ಹೆಸರನ್ನೂ ಮುಂದಿಟ್ಟುಕೊಂಡು ಇದು ಬೌದ್ಧಕ್ಷೇತ್ರವಾಗಿತ್ತೆಂದು ಗೋವಿಂದ ಪೈಯವರು ಪ್ರತಿಪಾದಿಸಿದರು. ಇದಕ್ಕೆ ವಿರೋಧವಾಗಿ, ಅರಸನು ಶಿವಭಕ್ತನಾಗಿದ್ದುದರಿಂದಲೂ ನಾಥರು ಮತ್ಸ್ಯೇಂದ್ರನನ್ನು ಲೋಕೇಶ್ವರನೊಡನೆ ಏಕೀಭವಿಸಿ ನೋಡುವುದರಿಂದಲೂ ಅದು ಆದಿಯಿಂದಲೂ ಶೈವನಾಥರ ಸ್ಥಾನವೇ ಎಂಬ ವಾದವೂ ಹುಟ್ಟಿತು. ವಿಗ್ರಹದ ಶಿಲ್ಪಲಕ್ಷಣಗಳು ಬೌದ್ಧ ಅವಲೋಕಿತೇಶ್ವರನವೇ ಎಂಬುದರಲ್ಲಿ ಸಂದೇಹಕ್ಕೆ ಹೆಚ್ಚು ಅವಕಾಶವಿಲ್ಲ. ಆದರೆ ಹಠಯೋಗದ ಮೊದಲ ಗ್ರಂಥವೇ ವಜ್ರಯಾನದ ವಲಯದ್ದೆಂದು ತಿಳಿದುಬಂದ ಮೇಲೆ, ಬೌದ್ಧವೋ ನಾಥವೋ ಎಂಬ ಪ್ರಶ್ನೆಯ ತೀಕ್ಷ್ಣತೆಯು ಕಡಿಮೆಯಾಗಿದೆ. ಒಂದು ಮತವನ್ನು ಓಡಿಸಿ ಇನ್ನೊಂದು ಬಂದಿತೆನ್ನುವುದಕ್ಕಿಂತ, ವಜ್ರಯಾನದ ಸಿದ್ಧರ ಸಾಧನೆಯೇ ಅದೇ ಬೆಟ್ಟದಲ್ಲಿ ಶೈವರೂಪವನ್ನು ತಾಳಿತೆಂದು ಭಾವಿಸುವುದು ಹೆಚ್ಚು ಸಮಂಜಸವಾಗಿ ತೋರುತ್ತದೆ.

೧೬೨೩ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲಾ ವಾಲ್ಲೆಯು ಕದಿರೆಗೆ ಬಂದು 'ಯೋಗಿಗಳ ಅರಸ'ನೆಂದು ಕರೆಯಲ್ಪಡುತ್ತಿದ್ದ ಮಠಾಧಿಪತಿಯನ್ನು ಕಂಡುದಾಗಿ ಬರೆದಿದ್ದಾನೆ. ಅರಸ ಎಂಬ ಆ ಬಿರುದು ಇಂದಿಗೂ ಅಳಿದಿಲ್ಲ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕ ತ್ರ್ಯಂಬಕಗಳಲ್ಲಿ ಕುಂಭಮೇಳವು ಕೂಡಿದಾಗ ಬಾರಹ ಪಂಥದ ಯೋಗಿಗಳು ಕದಿರೆಗೆ ಹೊಸ ಅರಸನನ್ನು ಆರಿಸುತ್ತಾರೆ. ಆತನನ್ನು ಮುಂದಿಟ್ಟುಕೊಂಡು, ಪಾತ್ರದೇವತೆಯನ್ನು ಹೊತ್ತು, ನೂರಾರು ಮಂದಿ ಯೋಗಿಗಳು 'ಝುಂಡಿ'ಯೆಂಬ ತಂಡವಾಗಿ ತಿಂಗಳುಗಟ್ಟಲೆ ಕಾಲ್ನಡಿಗೆಯಿಂದ ಸಾಗಿ ಶಿವರಾತ್ರಿಯ ಹೊತ್ತಿಗೆ ಮಂಗಳೂರನ್ನು ಸೇರುತ್ತಾರೆ. ೨೦೧೫ರ ಕುಂಭಮೇಳದಲ್ಲಿ ಹೊರಟ ಇಂತಹ ತಂಡವು ೨೦೧೬ರಲ್ಲಿ ಕದಿರೆಗೆ ಬಂದು ಹೊಸ ಅರಸನಿಗೆ ಪಟ್ಟಾಭಿಷೇಕವನ್ನು ಮಾಡಿತು. ನಿವೃತ್ತಿನಾಥನು ಗಹಿನೀನಾಥನಿಂದ ಉಪದೇಶ ಪಡೆದನೆಂದು ಹೇಳುವ ಸ್ಥಳವೂ ತ್ರ್ಯಂಬಕದ ಬ್ರಹ್ಮಗಿರಿಯೇ ಆಗಿದೆ. ಜ್ಞಾನೇಶ್ವರಿಯ ಪರಂಪರೆಯೂ ಕದಿರೆಯ ಪಟ್ಟವೂ ಒಂದೇ ಸ್ಥಳದಿಂದ ಹೊರಡುತ್ತಿರುವುದು ಆಕಸ್ಮಿಕವೆನ್ನುವಂತಿಲ್ಲ. ಗೋದಾವರಿಯ ಮೂಲದಿಂದ ತುಳುನಾಡಿನವರೆಗಿನ ದಾರಿಯು ಈ ಪಂಥಕ್ಕೆ ಬಹು ಹಿಂದಿನಿಂದಲೂ ಪರಿಚಿತವಾದ ದಾರಿ. ಆ ದಾರಿಯ ಬಹುಭಾಗವು ಕನ್ನಡ ನಾಡಿನಲ್ಲಿಯೇ ಸಾಗುತ್ತದೆ.

೬

ಈ ದಾರಿಯಲ್ಲಿ ನಡೆದಾಡಿದ ಯೋಗಿಗಳಿಗೂ ಕನ್ನಡ ನಾಡಿನ ಶಿವಶರಣರಿಗೂ ಭೇಟಿಯಾಗದೆ ಇರಲು ಸಾಧ್ಯವಿಲ್ಲ. ಆ ಭೇಟಿಯ ಸಾಹಿತ್ಯರೂಪವೇ ಅಲ್ಲಮ ಗೋರಕ್ಷರ ಪ್ರಸಂಗ. ಪ್ರೌಢದೇವರಾಯನ (೧೪೨೪–೧೪೪೬) ಕಾಲದ ಚಾಮರಸನು ತನ್ನ ಪ್ರಭುಲಿಂಗಲೀಲೆಯಲ್ಲಿಯೂ, ಶೂನ್ಯಸಂಪಾದನೆಯ ಸಂಕಲನಕಾರರು ತಮ್ಮ ಗ್ರಂಥಗಳಲ್ಲಿಯೂ ಇದನ್ನು ನಿರೂಪಿಸಿದ್ದಾರೆ. ಗೋರಕ್ಷನು ತನ್ನ ದೇಹವು ವಜ್ರದಂತೆ ದೃಢವೆಂದು ಹೇಳಿ, ಕತ್ತಿಯನ್ನು ಅಲ್ಲಮನ ಕೈಗೆ ಕೊಟ್ಟು ಹೊಡೆಯೆನ್ನುತ್ತಾನೆ. ಕತ್ತಿಯು ತಾಗಿದಾಗ ಲೋಹವು ಲೋಹಕ್ಕೆ ತಾಗಿದಂತೆ ಸದ್ದಾಗುತ್ತದೆ, ದೇಹಕ್ಕೆ ಗಾಯವಿಲ್ಲ. ಅನಂತರ ಗೋರಕ್ಷನು ಅಲ್ಲಮನಿಗೆ ಹೊಡೆದರೆ ಕತ್ತಿಯು ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ತಡೆಯುವುದಕ್ಕೆ ದೇಹವೇ ಇಲ್ಲ. ಗೋರಕ್ಷನು ತಲೆಬಾಗಿ ಶಿಷ್ಯನಾಗುತ್ತಾನೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಸೋಲು ಗೆಲುವುಗಳ ಕಥೆಯಾಗಿ ಬೋಧಿಸುವುದು ವಾಡಿಕೆ. ಆದರೆ ಗ್ರಂಥಕರ್ತರು ಇಲ್ಲಿ ಒಪ್ಪಿಕೊಂಡಿರುವ ಒಂದು ಅಂಶವನ್ನು ಗಮನಿಸತಕ್ಕದ್ದು. ಗೋರಕ್ಷನು ಕಪಟಿಯೆಂದಾಗಲಿ, ಅವನ ಸಿದ್ಧಿಯು ಸುಳ್ಳೆಂದಾಗಲಿ ಅವರು ಹೇಳುವುದಿಲ್ಲ. ಕತ್ತಿಯ ಸದ್ದು ಆ ಸಿದ್ಧಿಯು ನಿಜವೆಂಬುದಕ್ಕೆ ಸಾಕ್ಷಿ. ಸಿದ್ಧಿಯು ನಿಜವಾದುದೇ, ಆದರೆ ಸಾಲದು ಎಂಬುದೇ ಅವರ ವಾದ. ದೇಹವು ಗಟ್ಟಿಯಾದಷ್ಟೂ 'ನಾನು' ಎಂಬುದೂ ಗಟ್ಟಿಯಾಗುತ್ತದೆ, ಸದ್ದು ಮಾಡುವ ದೇಹದಲ್ಲಿ ಸದ್ದು ಮಾಡುವ ಅಹಂಕಾರವಿದೆ ಎಂಬುದು ಅದರ ತಾತ್ಪರ್ಯ. ನಾಥರ ಸಾಧನೆಯನ್ನು ಒಳಗಿನಿಂದ ಬಲ್ಲವರಿಗೆ ಮಾತ್ರ ಇಷ್ಟು ಸೂಕ್ಷ್ಮವಾದ ಖಂಡನೆಯು ಸಾಧ್ಯ. ವಚನಸಂಪುಟಗಳಲ್ಲಿ ಗೋರಕ್ಷನ ಹೆಸರಿನಲ್ಲಿಯೇ ಕೆಲವು ವಚನಗಳು ಉಳಿದುಬಂದಿರುವುದು ಸಹ ಈ ಸಾಮೀಪ್ಯಕ್ಕೆ ಒಂದು ಗುರುತು.

ಇನ್ನು ಎದುರು ಪಕ್ಷದ ಗ್ರಂಥವನ್ನು ನೋಡಬೇಕು. ಚಾಮರಸನ ಕಾಲಕ್ಕೆ ಹತ್ತಿರವಾಗಿಯೇ, ಹದಿನೈದನೆಯ ಶತಮಾನದಲ್ಲಿ, ಸ್ವಾತ್ಮಾರಾಮನು ಹಠಪ್ರದೀಪಿಕೆಯನ್ನು ರಚಿಸಿದನು. ಅದರ ಮೊದಲ ಉಪದೇಶದಲ್ಲಿ ಆದಿನಾಥ ಮತ್ಸ್ಯೇಂದ್ರರಿಂದ ಆರಂಭಿಸಿ ಮಹಾಸಿದ್ಧರ ಪಟ್ಟಿಯೊಂದಿದೆ. ಹಠಯೋಗದ ಬಲದಿಂದ ಕಾಲದಂಡವನ್ನು ಮುರಿದು ಬ್ರಹ್ಮಾಂಡದಲ್ಲಿ ಸಂಚರಿಸುವವರೆಂದು ಅವರನ್ನು ಹೊಗಳಿದೆ. ಆ ಪಟ್ಟಿಯಲ್ಲಿ ಅಲ್ಲಾಮ, ಪ್ರಭುದೇವ ಎಂಬ ಹೆಸರುಗಳು ಒಂದರ ಪಕ್ಕದಲ್ಲೊಂದು ಬರುತ್ತವೆ. ಇವು ಕನ್ನಡದ ಅಲ್ಲಮಪ್ರಭುವಿನ ಹೆಸರೇ ಎಂಬುದು ಸ್ಪಷ್ಟ. ಅದೇ ಪಟ್ಟಿಯಲ್ಲಿ ಪೂಜ್ಯಪಾದನ ಹೆಸರೂ ಇದೆ. ಕನ್ನಡ ನಾಡಿನ ಜೈನ ಪರಂಪರೆಯಲ್ಲಿ ವೈಯಾಕರಣನಾಗಿಯೂ ರಸವೈದ್ಯಗಳನ್ನು ಬಲ್ಲವನಾಗಿಯೂ ಪ್ರಸಿದ್ಧನಾದ ಆಚಾರ್ಯನ ಹೆಸರು ಅದು.

ಹೀಗೆ ಒಂದೇ ಶತಮಾನದಲ್ಲಿ ಎರಡು ಪಕ್ಷಗಳೂ ಒಂದೇ ಕಾರ್ಯವನ್ನು ಮಾಡಿವೆ. ವೀರಶೈವ ಗ್ರಂಥಗಳು ಗೋರಕ್ಷನನ್ನು ಅಲ್ಲಮನ ಶಿಷ್ಯನನ್ನಾಗಿ ಮಾಡಿದುವು. ಯೋಗಗ್ರಂಥವು ಅಲ್ಲಮನನ್ನು ಗೋರಕ್ಷನ ಸಾಲಿನ ಹಠಯೋಗಿಯನ್ನಾಗಿ ಮಾಡಿತು. ದೇಹದ ಅಮರತ್ವವನ್ನು ನಿರಾಕರಿಸಿದವನೆಂದು ಕನ್ನಡಿಗರು ಕೊಂಡಾಡುವ ಅನುಭಾವಿಯನ್ನೇ ಮರಣವನ್ನು ಗೆದ್ದವನೆಂದು ನಾಥರು ಕೊಂಡಾಡಿದರು. ಚರಿತ್ರೆಯ ದೃಷ್ಟಿಯಿಂದ ಈ ಎರಡರಲ್ಲಿ ಯಾವುದನ್ನೂ ಯಥಾವತ್ತಾಗಿ ಸ್ವೀಕರಿಸುವಂತಿಲ್ಲ. ಅಲ್ಲಮನು ಹನ್ನೆರಡನೆಯ ಶತಮಾನದ ನಡುವಿನವನು. ಗೋರಕ್ಷನ ಕಾಲವು ಅದಕ್ಕೆ ಸಮೀಪವಾಗಿದ್ದರೂ, ಪ್ರಸಂಗವನ್ನು ಬರೆದಿಟ್ಟ ಗ್ರಂಥಗಳು ಎರಡೂವರೆ ಶತಮಾನಗಳಷ್ಟು ಈಚಿನವು. ಆದರೆ ಎರಡೂ ಒಂದು ವಿಷಯಕ್ಕೆ ಬಲವಾದ ಸಾಕ್ಷಿಗಳು. ಹದಿಮೂರರಿಂದ ಹದಿನೈದನೆಯ ಶತಮಾನದವರೆಗೆ ಈ ಎರಡು ಸಮುದಾಯಗಳು ಒಂದನ್ನೊಂದು ಅಲಕ್ಷಿಸಲಾಗದಷ್ಟು ಹತ್ತಿರದಲ್ಲಿದ್ದುವು. ಪರಸ್ಪರ ಮಹಾಪುರುಷರನ್ನು ತಮ್ಮವರೆನ್ನದೆ ಅವುಗಳಿಗೆ ಸಮಾಧಾನವಿರಲಿಲ್ಲ. ಮಹಾರಾಷ್ಟ್ರದ ನವನಾಥರ ಎಣಿಕೆಯಲ್ಲಿ ರೇವಣನಾಥನೊಬ್ಬನಿರುವುದೂ, ವೀರಶೈವರಲ್ಲಿ ರೇವಣಸಿದ್ಧನು ಪೂಜ್ಯನಾಗಿರುವುದೂ ಇದೇ ಬಗೆಯ ಮತ್ತೊಂದು ಹೆಸರಿನ ಸಾಮ್ಯ.

೭

ಕದಿರೆಯಲ್ಲಿ ನಾಥಪಂಥವು ಸನ್ಯಾಸಿಗಳ ಪಂಥವಾಗಿ ಉಳಿಯಿತು. ಅದರ ಅರಸನು ಉತ್ತರದಿಂದ ಬರುತ್ತಾನೆ. ಅವಧಿ ಮುಗಿದ ಮೇಲೆ ಪಟ್ಟವನ್ನು ಬಿಟ್ಟುಕೊಡುತ್ತಾನೆ. ಗ್ರಂಥಗಳಲ್ಲಿ ಅದು ವಾದದ ವಸ್ತುವಾಯಿತು. ಈ ಎರಡಕ್ಕೂ ಭಿನ್ನವಾದ ಮೂರನೆಯ ಗತಿಯನ್ನು ನೋಡುವುದಕ್ಕೆ ನಾಗಮಂಗಲದ ಸೀಮೆಗೆ ಹಿಂದಿರುಗಬೇಕು.

ಆದಿಚುಂಚನಗಿರಿಯ ಸ್ಥಳಪುರಾಣದಂತೆ ಶಿವನು ಅಲ್ಲಿ ತಪಸ್ಸು ಮಾಡಿ, ಚುಂಚ ಕಂಚರೆಂಬ ರಾಕ್ಷಸರನ್ನು ಸಂಹರಿಸಿ, ಸಿದ್ಧಯೋಗಿಯೊಬ್ಬನಿಗೆ ಆ ಕ್ಷೇತ್ರವನ್ನು ಒಪ್ಪಿಸಿ ನಾಥಪಂಥವನ್ನು 'ನಡಸು' ಎಂದು ಆಜ್ಞಾಪಿಸಿದನು. ೧೯೭೪ರಲ್ಲಿ ಪೀಠವನ್ನೇರಿ ೨೦೧೩ರವರೆಗೆ ನಡಸಿದ ಬಾಲಗಂಗಾಧರನಾಥ ಸ್ವಾಮಿಗಳನ್ನು ೭೧ನೆಯ ಪೀಠಾಧಿಪತಿಗಳೆಂದೂ, ಅವರ ತರುವಾಯದ ನಿರ್ಮಲಾನಂದನಾಥ ಸ್ವಾಮಿಗಳನ್ನು ೭೨ನೆಯವರೆಂದೂ ಮಠದ ಎಣಿಕೆ. ಸ್ಥಳಪುರಾಣವನ್ನು ಕಾಲನಿರ್ಣಯಕ್ಕೆ ಬಳಸುವುದು ಸಲ್ಲದು. ಆದರೆ ಸ್ಥಳದ ಆಚರಣೆಗಳು ತಾವಾಗಿಯೇ ಮಾತನಾಡುತ್ತವೆ. ಬೆಟ್ಟದ ಗವಿಗಳು ಸಿದ್ಧರ ವಾಸಕ್ಕೆ ತಕ್ಕವು. ನಾಥರ ಮಠಗಳಲ್ಲಿ ಎಲ್ಲೆಡೆಯೂ ಕಾಣುವ ಭೈರವನೇ ಇಲ್ಲಿಯ ಪ್ರಧಾನ ದೇವತೆ. ಕದಿರೆಯ ಜೋಗಿಮಠದಲ್ಲಿಯೂ ಆತನಿಗೆ ಪೂಜೆಯಿದೆ. ಅಮಾವಾಸ್ಯೆಯ ಪೂಜೆಗೆ ಸುತ್ತಲಿನ ಸೀಮೆಗಳಿಂದ ಜನ ಸೇರುತ್ತಾರೆ. ಫಾಲ್ಗುಣಮಾಸದ ಜಾತ್ರೆಯಲ್ಲಿ ಪೀಠಾಧಿಪತಿಗಳು ಜ್ವಾಲಾಪೀಠವನ್ನೇರುವುದೂ, ಚಂದ್ರಮಂಡಲೋತ್ಸವವೂ, ಗಂಗಾಧರೇಶ್ವರನ ರಥೋತ್ಸವವೂ ನಡೆಯುತ್ತವೆ. ಜ್ವಾಲೆ, ಚಂದ್ರಮಂಡಲ ಎಂಬ ಈ ಹೆಸರುಗಳನ್ನು ಕೇಳಿದಾಗ ನಾಭಿಯ ಅಗ್ನಿಯನ್ನೂ ಶಿರಸ್ಸಿನ ಚಂದ್ರನನ್ನೂ ಕುರಿತ ಯೋಗಗ್ರಂಥಗಳ ಪರಿಭಾಷೆಯು ನೆನಪಿಗೆ ಬಾರದಿರದು. ಸಾಧಕನ ದೇಹದೊಳಗೆ ನಡೆಯಬೇಕಾದುದೆಂದು ಗ್ರಂಥಗಳು ಹೇಳುವುದಕ್ಕೆ ಇಲ್ಲಿ ಊರಿನ ಉತ್ಸವದಲ್ಲಿ ಒಂದು ಪ್ರತಿಬಿಂಬವು ದೊರೆತಂತಿದೆ.

ಇದಕ್ಕಿಂತ ದೃಢವಾದ ಸಾಕ್ಷ್ಯವು ಜನರ ಹೆಸರುಗಳಲ್ಲಿದೆ. ಮಂಡ್ಯ, ಹಾಸನ, ತುಮಕೂರು ಸೀಮೆಗಳ ಒಕ್ಕಲಿಗ ಕುಟುಂಬಗಳಲ್ಲಿ ಅನೇಕಕ್ಕೆ ಭೈರವನೇ ಮನೆದೇವರು. ಭೈರಪ್ಪ, ಭೈರೇಗೌಡ, ಚುಂಚೇಗೌಡ, ಜೋಗಯ್ಯ, ಜೋಗೀಗೌಡ, ಸಿದ್ಧೇಗೌಡ ಮುಂತಾದ ಹೆಸರುಗಳು ಪೀಳಿಗೆಯಿಂದ ಪೀಳಿಗೆಗೆ ಇಳಿದುಬಂದಿವೆ. ಗ್ರಂಥಗಳನ್ನು ಓದದ ಬೇಸಾಯಗಾರನು ತನ್ನ ಮಗನಿಗೆ ಜೋಗಿಯ ಹೆಸರನ್ನಿಟ್ಟು ಆ ಪಂಥವನ್ನು ಉಳಿಸಿದನು. ಸಿದ್ಧರಬೆಟ್ಟ, ಜೋಗಿಮಟ್ಟಿ ಎಂಬ ಸ್ಥಳನಾಮಗಳೂ, ಕಿನ್ನರಿಯನ್ನು ನುಡಿಸುತ್ತ ಅರ್ಜುನಜೋಗಿಯ ಕಥೆಯನ್ನು ಹಾಡುವ ಕಿನ್ನರಿಜೋಗಿಗಳೂ ಇದೇ ಬಗೆಯ ಸಾಕ್ಷಿಗಳು. ಭಾರತದ ಅರ್ಜುನನಿಗೆ ಹಳ್ಳಿಯ ಕವಿಯು ಜೋಗಿಯ ವೇಷವನ್ನು ತೊಡಿಸಿದನೆಂದರೆ, ಜೋಗಿಯ ರೂಪವು ಕೇಳುವವರ ಕಣ್ಣಿಗೆ ಎಷ್ಟು ಪರಿಚಿತವಾಗಿತ್ತೆಂಬುದು ತಿಳಿಯುತ್ತದೆ. ಸುಗ್ಗಿಯ ಕಾಲದಲ್ಲಿ ಕಣದ ರಾಶಿಯಿಂದ ಆಯಗಾರರಿಗೂ ಭಿಕ್ಷುಕರಿಗೂ ಕಾಳನ್ನು ಅಳೆದು ಕೊಡುವುದು ಹಳೆಯ ಮೈಸೂರು ಸೀಮೆಯ ಪದ್ಧತಿಯಾಗಿತ್ತು. ಜೋಗಿಯ ಜೋಳಿಗೆಯು ತುಂಬುತ್ತಿದ್ದುದು ಇಂತಹ ಕಾಳಿನಿಂದ. ಸಿಚುವಾನಿನ ಐದಳತೆ ಅಕ್ಕಿಗೂ ಇದಕ್ಕೂ ಯಾವ ಐತಿಹಾಸಿಕ ಸಂಬಂಧವೂ ಇಲ್ಲ. ಆದರೆ ಎರಡೂ ಒಂದೇ ಸತ್ಯವನ್ನು ತಿಳಿಸುತ್ತವೆ. ಅಮರತ್ವವನ್ನು ಅರಸುವ ಸಾಧಕರು ಎಲ್ಲಿಯೂ ವಿರಳ. ಪಂಥವು ಉಳಿಯುವುದು ಕಾಳನ್ನು ಕೊಟ್ಟು ರೋಗಕ್ಕೆ ರಕ್ಷೆಯನ್ನೂ ಬೆಳೆಗೆ ಹರಕೆಯನ್ನೂ ಬೇಡುವ ಗೃಹಸ್ಥರಿಂದ.

ಬಾಲಗಂಗಾಧರನಾಥ ಸ್ವಾಮಿಗಳ ಕಾಲದಲ್ಲಿ ಮಠವು ಶಾಲೆ, ಕಾಲೇಜು, ಆಸ್ಪತ್ರೆ, ಅನ್ನದಾನಗಳ ಕಡೆಗೆ ತಿರುಗಿದುದನ್ನು ಹೊಸ ಕಾಲದ ಪರಿಣಾಮವೆಂದಷ್ಟೇ ತಿಳಿಯುವುದು ಸಾಲದು. ಗೃಹಸ್ಥರ ಆಶ್ರಯವನ್ನು ಪಡೆದ ಪಂಥವು ಗೃಹಸ್ಥರಿಗೆ ಬೇಕಾದುದನ್ನು ಕೊಡುತ್ತ ಬಂದ ದೀರ್ಘ ಪದ್ಧತಿಯ ಮುಂದುವರಿಕೆಯೂ ಅದರಲ್ಲಿದೆ.

೮

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ನಾಥಪಂಥವು ಉತ್ತರ ದೇಶದಲ್ಲಿ ಪೂರ್ಣವಾಗಿ ಬೆಳೆದು ಕನ್ನಡ ನಾಡಿಗೆ ಅತಿಥಿಯಾಗಿ ಬಂದುದಲ್ಲ. ದಖ್ಖನ್ನಿನಲ್ಲಿ ಅದು ರೂಪುಗೊಂಡಾಗ ಕನ್ನಡ ನಾಡಿನ ದಾರಿಗಳೂ ಬೆಟ್ಟಗಳೂ ಅದರ ಪಾಲಿಗೆ ಸ್ವಸ್ಥಾನವಾಗಿದ್ದುವು. ಇಲ್ಲಿ ಅದಕ್ಕೆ ಮೂರು ಗತಿಗಳು ಒದಗಿದುವು. ಕದಿರೆಯಲ್ಲಿ ಸನ್ಯಾಸಿಗಳ ಪಟ್ಟವಾಗಿ ನಿಂತಿತು. ಶರಣಸಾಹಿತ್ಯದಲ್ಲಿ ಪೂರ್ವಪಕ್ಷವಾಗಿ ಸೇರಿತು. ಚುಂಚನಗಿರಿಯ ಸುತ್ತಲಿನ ಸೀಮೆಯಲ್ಲಿ ಬೇಸಾಯಗಾರರ ಮನೆದೇವರಾಗಿ ಬೇರೂರಿತು. ಸಾಹಿತ್ಯದ ಅಧ್ಯಾಪಕರು ಗೋರಕ್ಷನ ಪ್ರಸಂಗವನ್ನು ಬೋಧಿಸುವಾಗ ಎರಡನೆಯದನ್ನು ಮಾತ್ರ ಹೇಳಿ ನಿಲ್ಲಿಸಿದರೆ, ಭೈರೇಗೌಡನೆಂಬ ಹೆಸರಿನ ವಿದ್ಯಾರ್ಥಿಯು ತನ್ನ ಹೆಸರಿನ ಮೂಲವು ಆ ಕಥೆಯಲ್ಲಿ ಸೋತ ಪಕ್ಷದಲ್ಲಿದೆಯೆಂಬುದನ್ನು ಅರಿಯದೆ ಹೋಗುತ್ತಾನೆ. ಅದರಂತೆಯೇ ಮಠದ ಪರಂಪರೆಯನ್ನು ಮಾತ್ರ ಓದಿದವನಿಗೆ, ತನ್ನ ಪಂಥದ ಅತ್ಯಂತ ಸೂಕ್ಷ್ಮವಾದ ವಿಮರ್ಶೆಯು ಕನ್ನಡದಲ್ಲಿಯೇ ಇದೆಯೆಂಬುದು ತಿಳಿಯದೆ ಹೋಗುತ್ತದೆ.

ಹಠಪ್ರದೀಪಿಕೆಯ ಪಟ್ಟಿಯಲ್ಲಿ ಅಲ್ಲಮನ ಹೆಸರೂ, ವಚನಸಂಪುಟಗಳಲ್ಲಿ ಗೋರಕ್ಷನ ಹೆಸರೂ ಇಂದಿಗೂ ಹಾಗೆಯೇ ಇವೆ. ಈ ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗಲೇ ಕತ್ತಿಯ ಕಥೆಯ ಪೂರ್ಣಾರ್ಥವು ವಿಶದವಾಗುವುದು.